ಎಲೈಜಾ ಹೋದಳಾ, ವಾಪಸ್ ಬಂದಳಾ?

ಜಗಳ ಶುರುವಾಗಿದ್ದು ಕೊನೆಯ ದೃಶ್ಯದ ಮೇಲೆ. ದಾವಣಗೆರೆಯ ವಿದ್ಯಾನಗರದಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ನಮ್ಮ ಹವ್ಯಾಸಿ ತಂಡದ ತಾಲೀಮು ನಡೆದಿತ್ತು. ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ ನಾಟಕದ ಎರಡು ದೃಶ್ಯಗಳನ್ನು ಕನ್ನಡಕ್ಕೆ ತಂದು ಆಡೋಣ ಅಂತ ಹೊರಟಿದ್ದೆವು. ಹುಡುಗರಲ್ಲಿ ಅರ್ಧ ಜನ ನಾಟಕ ಓದಿಕೊಂಡು ಬಂದಿದ್ದರು. ಇನ್ನರ್ಧ ಜನ ಅದೇ ಕತೆಗೆ ಹಾಡು ಸೇರಿಸಿ ಮಾಡಿದ ‘ಮೈ ಫೇರ್ ಲೇಡಿ’ ಸಿನಿಮಾವನ್ನು ಮೊಬೈಲಿನಲ್ಲಿ ನೋಡಿ ಬಂದಿದ್ದರು. ‘ಎಲೈಜಾ ಅವನನ್ನು ಬಿಟ್ಟು ಹೋಗ್ತಾಳೆ’ ಅಂತ ಇವರು. ‘ಇಲ್ಲ, ವಾಪಸ್ ಬರ್ತಾಳೆ, ನಾನೇ ನೋಡಿದ್ದೀನಿ’ ಅಂತ ಅವರು. ಎಲೈಜಾ ಪಾತ್ರ ಮಾಡುತ್ತಿದ್ದ ಜಗಳೂರಿನ ಹುಡುಗಿ ಸ್ಕ್ರಿಪ್ಟ್ ಮಡಚಿ ನನ್ನ ಕಡೆ ನೋಡಿದಳು. ‘ಸರ್, ನಾನೀಗ ಬಾಗಿಲು ದಾಟಬೇಕಾ, ಬೇಡ್ವಾ? ಮೊದಲು ಅದನ್ನ ಹೇಳಿ.’

ಎರಡು ಗುಂಪಿನವರು ಹೇಳಿದ್ದೂ ನಿಜ. ನಾಟಕದಲ್ಲಿ ಅವಳು ಹೋಗುತ್ತಾಳೆ, ಸಿನಿಮಾದಲ್ಲಿ ವಾಪಸ್ ಬರುತ್ತಾಳೆ. ಜನಕ್ಕೆ ಹಿಡಿಸಲಿ ಅಂತ ಸಿನಿಮಾದವರು ಕೊನೆ ಬದಲಾಯಿಸಿದರು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅಷ್ಟೇ ಅಲ್ಲ. ಮಾತಿನ ನಾಟಕಕ್ಕೆ ಹಾಡು ಸೇರಿದ ಮೇಲೆ ಆ ಕತೆ ತಾನಾಗಿಯೇ ಬೇರೆ ಕಡೆ ವಾಲುತ್ತದೆ. ಅದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಹೂ ಮಾರುವ ಬಡ ಹುಡುಗಿ ಎಲೈಜಾ ಡೂಲಿಟಲ್. ಹೆನ್ರಿ ಹಿಗ್ಗಿನ್ಸ್ ಉಚ್ಚಾರಣೆಯ ಪಂಡಿತ. ಯಾರಾದರೂ ಬಾಯಿ ಬಿಟ್ಟರೆ ಸಾಕು, ಇವನು ಇಂಥ ಬೀದಿಯವನು ಅಂತ ಹೇಳಿಬಿಡುತ್ತಾನೆ. ಈ ಹುಡುಗಿಯ ಮಾತು ತಿದ್ದಿ, ಆರು ತಿಂಗಳಲ್ಲಿ ದೊಡ್ಡವರ ಪಾರ್ಟಿಯಲ್ಲಿ ಡಚೆಸ್ ಅಂತ ನಂಬಿಸುತ್ತೇನೆ ಅಂತ ಗೆಳೆಯ ಕರ್ನಲ್ ಪಿಕರಿಂಗ್ ಜೊತೆ ಬಾಜಿ ಕಟ್ಟುತ್ತಾನೆ. ಗೆಲ್ಲುತ್ತಾನೆ. ಗೆದ್ದ ರಾತ್ರಿ ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ‘ಸದ್ಯ, ಮುಗಿಯಿತು’ ಅನ್ನುತ್ತಾನೆ. ಅವಳು ಅವನ ಚಪ್ಪಲಿಯನ್ನು ಅವನ ಮೇಲೇ ಎಸೆಯುತ್ತಾಳೆ. ಇನ್ನು ಮುಂದೆ ನನ್ನ ಗತಿ ಏನು ಅಂತ ಕೇಳುತ್ತಾಳೆ. ಹೂ ಮಾರುವ ಬದುಕಿಗೆ ಅವಳು ಮರಳುವ ಹಾಗಿಲ್ಲ. ದೊಡ್ಡವರ ಬದುಕಿನಲ್ಲಿ ಅವಳಿಗೆ ಜಾಗವಿಲ್ಲ. ಇಡೀ ನಾಟಕ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಈ ಕತೆ ಇಲ್ಲಿಯ ನಮಗೆ ಅಷ್ಟೇನೂ ದೂರದ್ದಲ್ಲ. ಎಲೈಜಾ ಇಂಗ್ಲಿಷಿನ ಹಕಾರ ನುಂಗುತ್ತಾಳೆ. ನಮ್ಮಲ್ಲೂ ಹಾಲಿಗೆ ‘ಆಲು’, ಹಸುವಿಗೆ ‘ಅಸು’ ಅನ್ನುವವರು ಎಷ್ಟು ಜನ ಇಲ್ಲ? ತಿದ್ದಿಕೊಳ್ಳಲು ಹೋಗಿ ಅಕ್ಕಿಗೆ ‘ಹಕ್ಕಿ’ ಅಂದು ನಗೆಪಾಟಲಾದವರನ್ನೂ ನೋಡಿದ್ದೇವೆ. ದಾವಣಗೆರೆ ಇರುವುದೇ ಎರಡು ಕನ್ನಡಗಳು ಕೂಡುವ ಜಾಗದಲ್ಲಿ. ಹರಿಹರ ದಾಟಿ ಉತ್ತರಕ್ಕೆ ಹೋದರೆ ನಮ್ಮ ಮಾತು ಮೈಸೂರಿನ ಕಡೆಯದು ಅನ್ನುತ್ತಾರೆ. ಬೆಂಗಳೂರಿಗೆ ಹೋದರೆ ಹುಬ್ಬಳ್ಳಿ ಕಡೆಯದು ಅನ್ನುತ್ತಾರೆ.

ನಾನು ಓದು ಮುಗಿಸಿ ಬೆಂಗಳೂರಿನ ಒಂದು ಆಫೀಸಿಗೆ ಸೇರಿದ ಮೊದಲ ವಾರ. ಫೋನ್ ಬಂತು. ‘ಯಾರ್ರೀ ಮಾತಾಡೋದು? ಸಾಹೇಬ್ರು ಇನ್ನಾ ಬಂದಿಲ್ರೀ’ ಅಂದೆ. ಆಚೆ ಟೇಬಲ್ಲಿನವರು ಜೋರಾಗಿ ನಕ್ಕರು. ಅದೇ ಮಾತನ್ನು ತಿರುಗಿ ತಿರುಗಿ ಹೇಳಿ ತೋರಿಸಿದರು. ಅವತ್ತಿಂದ ನಾನು ಬಾಯಿ ಬಿಡುವ ಮುಂಚೆ ಒಂದು ಕ್ಷಣ ತಡೆಯತೊಡಗಿದೆ. ‘ರೀ’ ತೆಗೆದೆ, ‘ಐತೆ’ ಬಿಟ್ಟು ‘ಇದೆ’ ಅಂದೆ. ಆರು ತಿಂಗಳ ಮೇಲೆ ದುಗ್ಗಮ್ಮನ ಜಾತ್ರೆಗೆ ಊರಿಗೆ ಬಂದಾಗ ಅವ್ವ ಕೇಳಿದಳು: ‘ಯಾಕಪ್ಪಾ, ಟಿವಿಯಾಗೆ ಮಾತಾಡಿದಂಗೆ ಮಾತಾಡ್ತೀಯಲ್ಲ, ನಮ್ ಜೊತೇನೂ?’ ನನಗೆ ಉತ್ತರ ಹೊಳೆಯಲಿಲ್ಲ. ಪಿಗ್ಮೇಲಿಯನ್ನಿನ ಕೊನೆಯ ಅಂಕದಲ್ಲಿ ಎಲೈಜಾ ಇದನ್ನೇ ಹೇಳುತ್ತಾಳೆ. ಪರದೇಶಕ್ಕೆ ತಂದ ಮಗು ಅಲ್ಲಿಯ ಮಾತು ಕಲಿತು ತನ್ನದನ್ನು ಮರೆಯುತ್ತದಲ್ಲ, ನಾನು ನಿಮ್ಮ ದೇಶದಲ್ಲಿ ಅಂಥ ಮಗು, ನನ್ನ ಮಾತು ಮರೆತಿದ್ದೇನೆ ಅನ್ನುತ್ತಾಳೆ. ಮೊದಲ ಸಲ ಅದನ್ನು ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ.

ಇನ್ನು ಈ ನಾಟಕ ಸಿನಿಮಾ ಆದದ್ದು ಹೇಗೆ ಅನ್ನುವುದು. ಎಷ್ಟೋ ಜನ ನಾಟಕದಿಂದ ನೇರವಾಗಿ ಹಾಡಿನ ಸಿನಿಮಾ ಆಯಿತು ಅಂದುಕೊಂಡಿದ್ದಾರೆ. ನಡುವೆ ಎರಡು ಮೆಟ್ಟಿಲು ಇವೆ. ಷಾ ನಾಟಕ ಬರೆದದ್ದು 1912ರಲ್ಲಿ. ಮೊದಲ ಪ್ರಯೋಗ ಆದದ್ದು 1913ರ ಅಕ್ಟೋಬರಿನಲ್ಲಿ, ವಿಯೆನ್ನಾದಲ್ಲಿ, ಅದೂ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನ ಉಚ್ಚಾರಣೆ ಬಗ್ಗೆ ಬರೆದ ನಾಟಕ ಮೊದಲು ಬೇರೆ ಭಾಷೆಯಲ್ಲಿ ರಂಗಕ್ಕೆ ಬಂತು. ಲಂಡನ್ನಿಗೆ ಬಂದದ್ದು 1914ರ ಏಪ್ರಿಲ್‌ನಲ್ಲಿ. 1938ರಲ್ಲಿ ಅದು ಹಾಡಿಲ್ಲದ ಸಿನಿಮಾ ಆಯಿತು. ಅದರ ಚಿತ್ರಕತೆಗೆ ಷಾಗೆ ಆಸ್ಕರ್ ಬಂತು. 1956ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಮೈ ಫೇರ್ ಲೇಡಿ’ ಅನ್ನುವ ಹಾಡಿನ ನಾಟಕವಾಯಿತು. ಅಲನ್ ಜೇ ಲರ್ನರ್ ಮಾತು ಮತ್ತು ಹಾಡು ಬರೆದರು, ಫ್ರೆಡ್ರಿಕ್ ಲೋವ್ ಸಂಗೀತ ಕೊಟ್ಟರು. ಅಲ್ಲೇ ಅದು 2,717 ಪ್ರಯೋಗ ಕಂಡಿತು. ಆಮೇಲೆ 1964ರಲ್ಲಿ ಜಾರ್ಜ್ ಕ್ಯೂಕರ್ ನಿರ್ದೇಶನದ ಸಿನಿಮಾ ಬಂತು. ಎಂಟು ಆಸ್ಕರ್ ಗೆದ್ದಿತು.

ತಮ್ಮ ನಾಟಕಕ್ಕೆ ಹಾಡು ಸೇರಿಸಲು ಷಾ ಬದುಕಿರುವ ತನಕ ಒಪ್ಪಲಿಲ್ಲ. ಅವರ ಇನ್ನೊಂದು ನಾಟಕವನ್ನು 1908ರಲ್ಲಿ ವಿಯೆನ್ನಾದವರು ಹಾಡಿನ ನಾಟಕ ಮಾಡಿದ್ದರು. ಅದು ಷಾಗೆ ಬಹಳ ಬೇಸರ ತಂದಿತ್ತು. 1950ರಲ್ಲಿ ಅವರು ತೀರಿಕೊಂಡ ಮೇಲೆಯೇ ‘ಮೈ ಫೇರ್ ಲೇಡಿ’ಯ ಕೆಲಸ ಶುರುವಾದದ್ದು. ಅವರ ಹಟ ನನಗೆ ಅರ್ಥವಾಗುತ್ತದೆ. ಷಾ ನಾಟಕದಲ್ಲಿ ಮಾತೇ ಎಲ್ಲ. ಒಬ್ಬರು ಒಂದು ಮಾತು ಎಸೆದರೆ ಎದುರಿನವರು ಅದನ್ನು ಹಿಡಿದು ತಿರುಗಿ ಎಸೆಯುತ್ತಾರೆ. ನಾವು ಕೂತು ಯಾರದು ಸರಿ ಅಂತ ತೂಗುತ್ತೇವೆ. ಹಾಡು ಶುರುವಾದರೆ ಈ ತೂಗುವ ಕೆಲಸ ನಿಲ್ಲುತ್ತದೆ. ಎದುರಿಗಿದ್ದವರು ಮರೆಯಾಗುತ್ತಾರೆ. ಹಾಡುವವರ ಎದೆ ಒಂದೇ ನಮ್ಮ ಮುಂದೆ ಇರುತ್ತದೆ.

ನಮ್ಮ ತಂಡದ ಪೇಟಿ ಮಾಸ್ತರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಅವರು ಹರೆಯದಲ್ಲಿ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು. ಚಿಂದೋಡಿ ಲೀಲಾ ಅವರ ಊರು ಇದು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಹಾಡಿಲ್ಲದ ನಾಟಕ ಅಂದರೆ ಇಲ್ಲಿಯ ಹಳಬರಿಗೆ ಉಪ್ಪಿಲ್ಲದ ಊಟ. ‘ಮಾತು ಎಲ್ಲಿ ಸಾಲಂಗಿಲ್ಲೋ ಅಲ್ಲಿ ಪದ ಎತ್ಕೋಬೇಕ್ರಿ’ ಅಂದರು ಮಾಸ್ತರು. ‘ಮಾತಾಡುವಾಗ ಪಾತ್ರ ಎದುರು ನಿಂತಿರೋರ ಜೊತೆ ಇರ್ತದೆ. ಪದ ಎತ್ತಿದ ಕೂಡಲೇ ಜನದ ಕಡೆ ತಿರುಗ್ತದೆ.’ ಕಂಪನಿ ನಾಟಕ ನೋಡಿದವರಿಗೆ ಇದು ಕಣ್ಣಿಗೆ ಕಟ್ಟಿದ ಹಾಗಿದೆ. ನಟಿ ಎರಡು ಹೆಜ್ಜೆ ಮುಂದೆ ಬಂದು ದೀಪದ ಬೆಳಕಿಗೆ ಮುಖ ಒಡ್ಡುತ್ತಾಳೆ. ಅಲ್ಲಿಗೆ ಕತೆ ನಿಂತು ಮನಸ್ಸು ಮಾತಾಡುತ್ತದೆ. ಚಪ್ಪಾಳೆ ಬಿದ್ದರೆ ‘ಒನ್ಸ್ ಮೋರ್’.

ಲರ್ನರ್ ಮತ್ತು ಲೋವ್ ಹಾಡು ಹಾಕಿದ ಜಾಗಗಳನ್ನು ನೋಡಿದರೆ ಅವರ ಜಾಣತನ ಗೊತ್ತಾಗುತ್ತದೆ. ಷಾ ಬರೆದ ಮಾತನ್ನು ಅವರು ಬಹಳಷ್ಟು ಹಾಗೇ ಉಳಿಸಿಕೊಂಡರು. ಷಾ ತೋರಿಸದೆ ಬಿಟ್ಟದ್ದು ಏನು ಅಂತ ಹುಡುಕಿ ಅಲ್ಲಿ ಹಾಡು ತುಂಬಿದರು. ಮೂಲ ನಾಟಕ ಐದು ಅಂಕದ್ದು. ಅಂಕ ಮತ್ತು ಅಂಕದ ನಡುವೆ ತಿಂಗಳುಗಟ್ಟಲೆ ಸಮಯ ಪರದೆ ಹಿಂದೆಯೇ ಕಳೆದುಹೋಗುತ್ತದೆ. ಅವಳು ಮಾತು ಕಲಿತದ್ದು ಹೇಗೆ? ಹೆಚ್ಚು ಕಡಿಮೆ ಅದು ಕಾಣುವುದೇ ಇಲ್ಲ. ಬಾಜಿ ಗೆದ್ದ ಪಾರ್ಟಿ? ಮೂಲ ನಾಟಕದಲ್ಲಿ ಅದೂ ಇಲ್ಲ. ಅವರು ಗೆದ್ದು ಮನೆಗೆ ಬಂದ ಮೇಲಷ್ಟೇ ನಮಗೆ ತಿಳಿಯುತ್ತದೆ. ಷಾಗೆ ಗೆಲುವಿನ ಸಡಗರ ಬೇಕಿರಲಿಲ್ಲ. ಗೆದ್ದ ಮೇಲಿನ ಖಾಲಿತನ ಬೇಕಿತ್ತು.

ಸಿನಿಮಾಕ್ಕೆ ಆ ಸಡಗರ ಬೇಕು. ಪಾಠದ ದೃಶ್ಯಗಳನ್ನೇ ತೆಗೆದುಕೊಳ್ಳಿ. ಎಲೈಜಾ ಮುಂದೆ ಒಂದು ಸಣ್ಣ ಉರಿ ಇಡುತ್ತಾರೆ. ಹಕಾರ ಸರಿಯಾಗಿ ಬಂದರೆ ಉಸಿರು ತಾಗಿ ಉರಿ ಅಲುಗಬೇಕು, ಹಕಾರ ನುಂಗಿದರೆ ಉರಿ ನೆಟ್ಟಗೇ ಇರುತ್ತದೆ. ಇದನ್ನು ನೀವೂ ಮಾಡಿ ನೋಡಬಹುದು. ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಅಸು’ ಅನ್ನಿ. ಆಮೇಲೆ ‘ಹಸು’ ಅನ್ನಿ. ಎರಡನೇ ಸಲ ಅಂಗೈಗೆ ಬಿಸಿಯುಸಿರು ತಾಗುತ್ತದೆ. ಒಬ್ಬ ಹುಡುಗಿಯ ಅಂತಸ್ತು ಆ ಒಂದು ಉಸಿರಿನ ಮೇಲೆ ನಿಂತಿದೆ ಅನ್ನುವುದನ್ನು ಸಿನಿಮಾ ಒಂದು ಉರಿಯಲ್ಲಿ ತೋರಿಸಿಬಿಡುತ್ತದೆ. ಬಾಯಿಗೆ ಗೋಲಿ ತುಂಬಿ ಓದಿಸುವ ದೃಶ್ಯವೂ ಇದೆ. ಅವಳು ಒಂದು ಗೋಲಿ ನುಂಗಿಬಿಡುತ್ತಾಳೆ. ಪರವಾಗಿಲ್ಲ, ನನ್ನ ಹತ್ತಿರ ಇನ್ನೂ ಇವೆ ಅನ್ನುತ್ತಾನೆ ಹಿಗ್ಗಿನ್ಸ್. ಅವನು ಎಂಥವನು ಅಂತ ಹೇಳಲು ಅಷ್ಟು ಸಾಕು.

ಮಧ್ಯರಾತ್ರಿ ಮೀರಿ ಮೂವರೂ ಸುಸ್ತಾಗಿರುವಾಗ, ಉಚ್ಚಾರಣೆ ತಿದ್ದಲು ಹಿಗ್ಗಿನ್ಸ್ ಕೊಟ್ಟಿದ್ದ ಸ್ಪೇನಿನ ಮಳೆಯ ಸಾಲು ಇದ್ದಕ್ಕಿದ್ದ ಹಾಗೆ ಅವಳ ಬಾಯಲ್ಲಿ ಸರಿಯಾಗಿ ಬರುತ್ತದೆ. ನಿಧಾನವಾಗಿ ಇನ್ನೊಮ್ಮೆ ಹೇಳುತ್ತಾಳೆ. ಆ ಸಾಲೇ ಹಾಡಾಗುತ್ತದೆ, ಹಾಡು ಕುಣಿತವಾಗುತ್ತದೆ. ನಾಟಕದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿ ಹುಟ್ಟಿತು. ಮೂವರೂ ಸೇರಿ ಗೆದ್ದ ಖುಷಿ. ಅದರ ಹಿಂದೆಯೇ ಅವಳು ಒಬ್ಬಳೇ ರಾತ್ರಿಯಿಡೀ ಕುಣಿಯಬಹುದಿತ್ತು ಅಂತ ಹಾಡುತ್ತಾಳೆ. ಆ ಹಾಡು ಕೇಳಿದ ಮೇಲೆ ಅವಳ ಮನಸ್ಸು ಅವನ ಕಡೆ ಹೋಗಿದೆ ಅಂತ ನಮಗೆ ಗೊತ್ತಾಗುತ್ತದೆ. ಷಾ ಎಲ್ಲೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಕೊನೆಯ ದೃಶ್ಯ ಬದಲಾಗಲು ಶುರುವಾದದ್ದು ಇಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ.

ಜನರ ಮುಂದೆ ಅವಳ ಮೊದಲ ಪರೀಕ್ಷೆಯ ದೃಶ್ಯ ಎರಡರಲ್ಲೂ ಇದೆ. ನಾಟಕದಲ್ಲಿ ಅದು ಹಿಗ್ಗಿನ್ಸ್‌ನ ತಾಯಿಯ ಮನೆಯ ನಡುಮನೆ. ಏಳೆಂಟು ಜನ, ಚಹಾ ಕುಡಿಯುವ ಹೊತ್ತು. ಎಲೈಜಾಗೆ ಉಚ್ಚಾರಣೆ ಬಂದಿದೆ, ಆದರೆ ಹೇಳುವ ಸಂಗತಿ ಹಳೆಯ ಬದುಕಿನದೇ. ಅತ್ಯಂತ ಶುದ್ಧವಾದ ದನಿಯಲ್ಲಿ, ಚಿಕ್ಕಮ್ಮನನ್ನು ಮನೆಯವರೇ ಮುಗಿಸಿರಬೇಕು ಅಂತ ಹೇಳುತ್ತಾಳೆ. ನಮ್ಮ ಹುಡುಗಿ ಇದನ್ನು ಟಿವಿ ವಾರ್ತೆಯ ಕನ್ನಡದಲ್ಲಿ ಹೇಳಿದಳು: ‘ನಮ್ಮ ಚಿಕ್ಕಮ್ಮ ಜ್ವರದಿಂದ ನಿಧನ ಹೊಂದಿದರೆಂದು ಹೇಳುತ್ತಾರೆ. ಆದರೆ ನನ್ನ ಅಭಿಪ್ರಾಯದಲ್ಲಿ, ಅವಳ ಕತೆ ಮುಗಿಸಿದ್ದೇ ಅವರು.’ ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊರಡುವಾಗ, ಪಾರ್ಕಿನ ಮೂಲಕ ನಡೆದು ಹೋಗುತ್ತೀರಾ ಅಂತ, ಅಲ್ಲಿ ಅವಳಿಗೆ ಮನಸೋತ ಫ್ರೆಡ್ಡಿ ಅನ್ನುವ ಯುವಕ ಕೇಳುತ್ತಾನೆ. ಆಗ ಅವಳ ಬಾಯಿಂದ ಬರುವ ಒಂದು ಒರಟು ಪದ 1914ರ ಲಂಡನ್ನಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿತ್ತು. ನಾವು ಅದಕ್ಕೆ ‘ನಡ್ಕೊಂಡು ಹೋಗಾಕೆ ನನಗೇನ್ ಹುಚ್ಚುನಾಯಿ ಕಡ್ದೈತಾ? ಆಟೋದಾಗೆ ಹೋಗ್ತೀನಿ’ ಅಂತ ಹಾಕಿದೆವು.

1956ರ ಹೊತ್ತಿಗೆ ಆ ಪದದ ಖಾರ ಇಳಿದುಹೋಗಿತ್ತು. ಹಾಗಾಗಿ ಹಾಡಿನವರು ಇಡೀ ದೃಶ್ಯವನ್ನು ಆಸ್ಕಟ್ ಕುದುರೆ ಜೂಜಿಗೆ ಎತ್ತಿಕೊಂಡು ಹೋದರು. ಕಪ್ಪು, ಬಿಳಿ, ಬೂದು ಬಣ್ಣದ ಬಟ್ಟೆ ತೊಟ್ಟ ಸಿರಿವಂತರ ಸಾಲು. ಎಂಥ ರೋಮಾಂಚನ ಅಂತ ಅವರು ಹಾಡುತ್ತಾರೆ, ಆದರೆ ಒಬ್ಬರ ಮುಖದ ಗೆರೆಯೂ ಅಲುಗುವುದಿಲ್ಲ. ಗೊಂಬೆಗಳ ಹಾಗೆ ನಿಂತಿರುತ್ತಾರೆ. ಎಲೈಜಾ ಮಾತ್ರ ಕುದುರೆ ಓಡುವಾಗ ತನ್ನನ್ನೇ ಮರೆತು ಬೀದಿ ಮಾತಿನಲ್ಲಿ ಕೂಗಿಬಿಡುತ್ತಾಳೆ. ಷಾ ಹತ್ತು ಪುಟದ ಮಾತಿನಲ್ಲಿ ಹೇಳಿದ್ದನ್ನು ಈ ಹಾಡು ಕಣ್ಣಿಗೆ ಕಾಣಿಸುತ್ತದೆ. ಇಲ್ಲಿ ಹಾಡೇ ಗೆದ್ದಿತು ಅಂತ ಒಪ್ಪಿಕೊಳ್ಳುತ್ತೇನೆ.

ಎಲೈಜಾಳ ಅಪ್ಪನ ವಿಷಯದಲ್ಲಿ ಹಾಗಲ್ಲ. ಕಸ ಸಾಗಿಸುವ ಆಲ್‌ಫ್ರೆಡ್ ಡೂಲಿಟಲ್ ನಾಟಕದಲ್ಲಿ ಮಗಳಿಗೆ ಬದಲು ಐದು ಪೌಂಡ್ ಕೇಳಲು ಬರುತ್ತಾನೆ. ಸಹಾಯಕ್ಕೆ ಯೋಗ್ಯರಾದ ಬಡವರಿಗೇ ಎಲ್ಲರೂ ಕೊಡುತ್ತಾರೆ, ಯೋಗ್ಯನಲ್ಲದ ಬಡವನಿಗೆ ಹಸಿವು ಕಡಿಮೆಯಾ ಅಂತ ಕೇಳುತ್ತಾನೆ. ಕೂತವರು ನಗುತ್ತಲೇ ತಡವರಿಸುವ ಹಾಗಿನ ವಾದ ಅದು. ಸಿನಿಮಾದಲ್ಲಿ ಆ ವಾದದ ಸ್ವಲ್ಪ ಭಾಗ ಉಳಿದಿದೆ. ಆದರೆ ನೆನಪಿನಲ್ಲಿ ಉಳಿಯುವುದು ಅವನ ಎರಡು ಕುಣಿತದ ಹಾಡುಗಳು. ನಮ್ಮ ಕಂಪನಿ ನಾಟಕದ ಹಾಸ್ಯಗಾರನ ಹಾಗೆ ಬಂದು ರಂಜಿಸಿ ಹೋಗುತ್ತಾನೆ. ನನಗೆ ಷಾನ ಡೂಲಿಟಲ್ ಜಾಸ್ತಿ ಇಷ್ಟ.

ಈಗ ಹಿಗ್ಗಿನ್ಸ್. ರಂಗದ ಮೇಲೂ ಸಿನಿಮಾದಲ್ಲೂ ಆ ಪಾತ್ರ ಮಾಡಿದ ರೆಕ್ಸ್ ಹ್ಯಾರಿಸನ್ ಹಾಡುಗಾರ ಆಗಿರಲಿಲ್ಲ. ಹಾಗಾಗಿ ಅವನ ಹಾಡುಗಳನ್ನು ತಾಳಕ್ಕೆ ಕೂರಿಸಿ ಮಾತಾಡುವ ಹಾಗೆ ಕಟ್ಟಿದರು. ಪ್ರತಿ ಸಲ ಒಂದೇ ಹಾಗೆ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಅದಕ್ಕೇ ಸಿನಿಮಾದಲ್ಲಿ ಟೈ ಒಳಗೆ ಪುಟ್ಟ ವೈರ್‌ಲೆಸ್ ಮೈಕ್ ಅಡಗಿಸಿ, ಚಿತ್ರೀಕರಣ ಮಾಡುತ್ತಲೇ ದನಿ ಹಿಡಿದರು. ಇದು ನಟನ ಕೊರತೆಗೆ ಕಂಡುಕೊಂಡ ದಾರಿ, ಆದರೆ ಪಾತ್ರಕ್ಕೆ ಒಳ್ಳೆಯದೇ ಆಯಿತು. ಹಿಗ್ಗಿನ್ಸ್ ರಾಗಕ್ಕೆ ಸೋಲದ ಮನುಷ್ಯ. ಹೆಂಗಸರು ಯಾಕೆ ಗಂಡಸರ ಹಾಗಿರಬಾರದು ಅಂತ ಗೊಣಗುವಾಗಲೂ ಅದು ಭಾಷಣವೇ. ಅವಳು ಬಿಟ್ಟು ಹೋದ ಮೇಲೆ, ಒಬ್ಬನೇ ಬೀದಿಯಲ್ಲಿ ನಡೆಯುತ್ತಾ, ಅವಳ ಮುಖ ನನಗೆ ರೂಢಿಯಾಗಿಬಿಟ್ಟಿದೆ ಅನ್ನುವ ಹಾಡಿಗೆ ಬರುತ್ತಾನೆ. ನಡುವೆ ಸಿಟ್ಟು ಬರುತ್ತದೆ, ಫ್ರೆಡ್ಡಿಯನ್ನು ಕಟ್ಟಿಕೊಂಡು ಅವಳು ಹಾಳಾಗಲಿ ಅಂತ ಬೈಯುತ್ತಾನೆ. ಮತ್ತೆ ಅದೇ ಮೆಲ್ಲನೆಯ ರಾಗ ಬರುತ್ತದೆ. ಎರಡೂವರೆ ಗಂಟೆ ಮಾತಾಡಿದವನು ಇಲ್ಲಿ ಹೆಚ್ಚು ಕಡಿಮೆ ಹಾಡುತ್ತಾನೆ.

ನಾಟಕದ ಹಿಗ್ಗಿನ್ಸ್‌ಗೆ ಒಬ್ಬನೇ ಇರುವ ಇಂಥ ಗಳಿಗೆಯನ್ನು ಷಾ ಕೊಡಲಿಲ್ಲ. ಅಲ್ಲಿ ಕೊನೆಯವರೆಗೂ ಜಗಳ. ಹೂ ಮಾರುವವಳಿಗೂ ದೊಡ್ಡ ಮನೆಯ ಹೆಂಗಸಿಗೂ ವ್ಯತ್ಯಾಸ ಇರುವುದು ಅವಳ ನಡತೆಯಲ್ಲಿ ಅಲ್ಲ, ಜನ ಅವಳನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅಂತ ಎಲೈಜಾ ಹೇಳುವುದು ಈ ಅಂಕದಲ್ಲೇ. ಅಪ್ಪನ ಮದುವೆಗೆ ಅವಳು ಹೊರಟಾಗಲೂ ಅವನಿಗೆ ಬುದ್ಧಿ ಬರುವುದಿಲ್ಲ. ಬರುವಾಗ ಮಾಂಸ ತಾ, ಚೀಸ್ ತಾ, ಕೈಗವಸು ತಾ, ಟೈ ತಾ ಅನ್ನುತ್ತಾನೆ. ನೀವೇ ಕೊಂಡುಕೊಳ್ಳಿ ಅಂದು ಅವಳು ಹೊರಟುಹೋಗುತ್ತಾಳೆ. ನಾವು ಜಗಳ ನೋಡಿದ್ದೇವೆ, ಅವಳ ಮಾತು ತೂಗಿದ್ದೇವೆ. ಹಾಗಾಗಿ ಹೋಗಲಿ ಅನ್ನಿಸುತ್ತದೆ. ಸಿನಿಮಾದಲ್ಲಿ ನಾವು ಅವನ ಹಾಡು ಕೇಳಿಬಿಟ್ಟಿದ್ದೇವೆ. ಅವನ ಒಳಗನ್ನು ನೋಡಿದ ಮೇಲೆ, ಅವಳು ಬರಲಿ ಅಂತ ನಮ್ಮ ಮನಸ್ಸೇ ಕೇಳುತ್ತದೆ. ಅವನು ಮನೆಗೆ ಬಂದು, ಯಂತ್ರದಲ್ಲಿ ಹಿಡಿದಿಟ್ಟ ಅವಳ ಹಳೆಯ ದನಿ ಹಾಕಿಕೊಂಡು ಕೂರುತ್ತಾನೆ. ಅವಳು ಒಳಗೆ ಬಂದು ಯಂತ್ರ ನಿಲ್ಲಿಸಿ, ಬರುವ ಮುಂಚೆ ಕೈ ಮುಖ ತೊಳೆದುಕೊಂಡೇ ಬಂದಿದ್ದೀನಿ ಅಂತ ತನ್ನ ಹಳೆಯ ಬೀದಿ ಮಾತಿನಲ್ಲೇ ಹೇಳುತ್ತಾಳೆ. ಅವನು ಟೋಪಿ ಮುಖದ ಮೇಲೆ ಎಳೆದುಕೊಂಡು ನನ್ನ ಚಪ್ಪಲಿ ಎಲ್ಲಿ ಅನ್ನುತ್ತಾನೆ. ಅವಳು ತಂದುಕೊಟ್ಟಳೋ ಇಲ್ಲವೋ ಸಿನಿಮಾ ತೋರಿಸುವುದಿಲ್ಲ.

ಈ ಎಳೆದಾಟ ಹಾಡು ಬರುವ ಮೊದಲೇ ಇತ್ತು ಅನ್ನುವುದೂ ನಿಜ. 1914ರಲ್ಲೇ ಹಿಗ್ಗಿನ್ಸ್ ಪಾತ್ರ ಮಾಡಿದ ಹರ್ಬರ್ಟ್ ಬೀರ್ಬೋಮ್ ಟ್ರೀ, ಪರದೆ ಬೀಳುವ ಮುಂಚೆ ಎಲೈಜಾ ಕಡೆ ಹೂ ಎಸೆದು ಪ್ರೀತಿಯ ಸುಳಿವು ಕೊಡುತ್ತಿದ್ದರು. ಷಾಗೆ ಸಿಟ್ಟು ನೆತ್ತಿಗೇರಿತು. 1916ರಲ್ಲಿ ನಾಟಕಕ್ಕೆ ಉದ್ದನೆಯ ಹಿಂಬರಹ ಸೇರಿಸಿ, ಎಲೈಜಾ ಫ್ರೆಡ್ಡಿಯನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳು ಅಂತ ಸ್ಪಷ್ಟವಾಗಿ ಬರೆದರು. ಆದರೂ 1938ರ ಸಿನಿಮಾದಲ್ಲಿ ಅವಳು ವಾಪಸ್ ಬಂದಳು. ಲರ್ನರ್ ಆ ದಾರಿಯನ್ನೇ ಹಿಡಿದರು. ವಾಪಸ್ ಬರುವುದಕ್ಕೆ ಒಂದು ಕಾರಣ ಬೇಕಿತ್ತು. ಅದನ್ನು ಹಾಡು ಕೊಟ್ಟಿತು.

ಸಿನಿಮಾದ ಎಲೈಜಾ ಆಡ್ರೆ ಹೆಪ್‌ಬರ್ನ್. ರಂಗದ ಮೇಲೆ ಆ ಪಾತ್ರ ಮಾಡಿ ಹೆಸರಾದವರು ಜೂಲಿ ಆಂಡ್ರೂಸ್, ಆದರೆ ಸಿನಿಮಾಕ್ಕೆ ಅವರನ್ನು ತೆಗೆದುಕೊಳ್ಳಲಿಲ್ಲ. ಹೆಪ್‌ಬರ್ನ್ ಅವರ ಹಾಡುಗಳನ್ನು ಬಹುಪಾಲು ಹಾಡಿದ್ದು ಮಾರ್ನಿ ನಿಕ್ಸನ್. ಅಲ್ಲಿಯ ಜನಕ್ಕೆ ಅದು ಕೊರತೆಯಾಗಿ ಕಂಡಿತು. ರಾಜಕುಮಾರ್ ಅವರ ಬಾಯಲ್ಲಿ ಪಿ.ಬಿ. ಶ್ರೀನಿವಾಸ್ ದನಿ ಕೇಳಿ ಬೆಳೆದ ನಮಗೆ ಅದರಲ್ಲಿ ತಪ್ಪು ಕಾಣುವುದಿಲ್ಲ, ಅಲ್ವಾ? ಆದರೂ ಇನ್ನೊಬ್ಬರ ದನಿ ತೊಟ್ಟುಕೊಂಡು ಬದುಕಬೇಕಾದ ಹುಡುಗಿಯ ಕತೆಯಲ್ಲಿ, ಆ ಹುಡುಗಿಯ ಹಾಡೂ ಇನ್ನೊಬ್ಬರ ದನಿಯಲ್ಲಿದೆ ಅನ್ನುವುದು ಪ್ರತಿ ಸಲ ನೋಡುವಾಗ ನನ್ನನ್ನು ತಟ್ಟುತ್ತದೆ.

ಇದನ್ನೆಲ್ಲ ಹುಡುಗರಿಗೆ ಹೇಳಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಯಾರೋ ಹೋಗಿ ಮಂಡಕ್ಕಿ, ಮೆಣಸಿನಕಾಯಿ ತಂದರು. ಪೇಟಿ ಮಾಸ್ತರು ಬಿಡಲಿಲ್ಲ. ‘ಕಡೀಗೆ ಅವನಿಗೊಂದು ಪದ ಕೊಡ್ರಿ, ಜೋಗಿಯಾ ರಾಗದಾಗೆ ನಾಲ್ಕು ಸಾಲು ಸಾಕು’ ಅಂದರು. ನುಡಿಸಿಯೂ ತೋರಿಸಿದರು. ನಿಜಕ್ಕೂ ಚೆನ್ನಾಗಿತ್ತು. ಹಿಗ್ಗಿನ್ಸ್ ಮಾಡುವ ಹುಡುಗ ತಲೆ ತಗ್ಗಿಸಿ ಕೇಳುತ್ತಾ ಕೂತ. ಆ ಗಳಿಗೆಯಲ್ಲಿ ನಮಗೆಲ್ಲ ಅವನ ಮೇಲೆ ಮರುಕ ಬಂತು. ಅವನು ಅವಳಿಗೆ ಮಾಡಿದ್ದೆಲ್ಲ ಮರೆತೇಹೋಯಿತು.

ಜಗಳೂರಿನ ಹುಡುಗಿ ಎದ್ದು ನಿಂತಳು. ‘ಇನ್ನೊಂದ್ಸಲ ಮಾಡೋಣ ಸರ್, ಪದ ಇಲ್ದೆ.’

ಮಾಡಿದೆವು. ಬರುವಾಗ ಕೈಗವಸು ತಾ ಅಂದ ಹುಡುಗ. ಅಲ್ಲಿಯವರೆಗೆ ಟಿವಿ ಕನ್ನಡದಲ್ಲಿ ಮಾತಾಡುತ್ತಿದ್ದವಳು ಬಾಗಿಲ ಹತ್ತಿರ ನಿಂತು ತಿರುಗಿದಳು. ‘ಬೇಕಾದ್ರೆ ನೀವೇ ತಗೊಳ್ರಿ’ ಅಂದಳು, ಅವರ ಮನೆಯಲ್ಲಿ ಅವರವ್ವ ಹೇಳುವ ಹಾಗೆ. ಸ್ಕ್ರಿಪ್ಟಿನಲ್ಲಿ ಆ ‘ರಿ’ ಇರಲಿಲ್ಲ. ಬಾಗಿಲು ದಾಟಿ ಮೆಟ್ಟಿಲು ಇಳಿದಳು. ಅವಳ ಚಪ್ಪಲಿ ಸದ್ದು ಕೆಳಗಿನವರೆಗೂ ಕೇಳಿಸಿತು. ಮಾಸ್ತರ ಬೆರಳು ಪೇಟಿಯ ಮೇಲೇ ಇತ್ತು. ‘ಇಲ್ಲಿ ಏನೂ ನುಡಿಸೋದು ಬ್ಯಾಡ್ವಾ?’ ಅಂದರು ಮೆಲ್ಲಗೆ.

‘ಬ್ಯಾಡ್ರಿ ಮಾಸ್ತರ್ರೇ’ ಅಂದೆ.